ಕಡಲ ತಳದಲ್ಲಿ ಮಂಗಳೂರು ಹಂಚು

ಜಗಳೂರಿನಿಂದ ಹೊರಟು ಚನ್ನಗಿರಿ, ಹೊನ್ನಾಳಿಗಳ ಮಾರ್ಗವಾಗಿ ನ್ಯಾಮತಿಯವರೆಗೆ ಪ್ರಯಾಣ ಮಾಡುವವರು ದಾರಿಯುದ್ದಕ್ಕೂ ಹಳೆಯ ಮನೆಗಳ ಸೂರನ್ನಷ್ಟೇ ಗಮನಿಸುತ್ತ ಹೋದರೂ ಸಾಕು, ಸೀಮೆಯ ಮಳೆಯ ಲೆಕ್ಕ ಅವರಿಗೆ ತಿಳಿದುಬಿಡುತ್ತದೆ. ಜಗಳೂರಿನ ಕಡೆ ಮಳೆ ಅಲ್ಪ. ಅಲ್ಲಿಯ ಹಳೆಯ ಮನೆಗಳು ಬಹುಮಟ್ಟಿಗೆ ಮಾಳಿಗೆಯ ಮನೆಗಳು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಿಗಿಯಾಗಿ ಬಡಿದ ಮಣ್ಣು, ಇಷ್ಟರಲ್ಲಿ ಚಾವಣಿ ಮುಗಿಯಿತು. ಪಶ್ಚಿಮಕ್ಕೆ ಸರಿದಂತೆಲ್ಲ ಮಲೆನಾಡಿನ ಮಳೆಯ ಸೆರಗು ತಾಕುತ್ತದೆ, ಚಾವಣಿ ಇಳಿಜಾರಾಗುತ್ತದೆ, ಕೆಂಪು ಹಂಚು ಕಾಣಿಸಿಕೊಳ್ಳುತ್ತದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ಚಿತ್ರದುರ್ಗ ಜಿಲ್ಲೆಯಿಂದಲೂ, ಚನ್ನಗಿರಿ ಮತ್ತು ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಿಂದಲೂ ಬಂದು ಸೇರಿದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಜಿಲ್ಲೆ ಒಂದಾಯಿತೇ ಹೊರತು ಸೂರಿನ ಭೇದ ಅಳಿಯಲಿಲ್ಲ.

ಆ ಕೆಂಪು ಹಂಚಿಗೆ ನಾವು ಇಂದಿಗೂ ‘ಮಂಗಳೂರು ಹಂಚು’ ಎಂದೇ ಹೇಳುತ್ತೇವೆ. ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲಿ ಅಂಗಾತ ಮಲಗಿ, ರೀಪುಗಳ ನಡುವೆ ಕಾಣುವ ಹಂಚಿನ ಬೆನ್ನಿನ ಮೇಲಿನ ಉಬ್ಬಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ ನೆನಪು ಈ ಭಾಗದ ಅನೇಕ ಹಿರಿಯರಿಗೆ ಇದ್ದೀತು. ಇಂಗ್ಲಿಷ್ ಅಕ್ಷರಮಾಲೆಯನ್ನು ಶಾಲೆಗಿಂತ ಮೊದಲು ಸೂರಿನಲ್ಲಿಯೇ ಕಲಿತವರೂ ಇಲ್ಲದಿಲ್ಲ. ಅಂತಹ ಅಕ್ಷರಗಳೇ ಗೋವೆಯ ಕಡಲಿನ ತಳದಲ್ಲಿ, ಮುಳುಗಿದ ಹಡಗೊಂದರ ಸರಕಿನ ಮೇಲೆ ಓದಲು ಸಿಕ್ಕವು ಎಂಬುದು ಓದುಗ ಬಂಧುಗಳಲ್ಲಿ ಬಹುಮಂದಿಗೆ ಹೊಸ ಸಂಗತಿಯಾಗಿರಬಹುದು. ಈ ಲೇಖನ ಆ ಹಂಚಿನ ಕುರಿತು, ಅದನ್ನು ನೋಡಲು ನೀರಿನೊಳಕ್ಕೆ ಇಳಿಯುವವರ ಕುರಿತು.

ಗೋವೆಯ ಮರ್ಮಗೋವಾ ಬಂದರಿಗೆ ಬಹುದೂರವಲ್ಲದ ಕಡಲಿನಲ್ಲಿ ಗ್ರಾಂಡೆ, ಸೇಂಟ್ ಜಾರ್ಜ್ ಮೊದಲಾದ ಸಣ್ಣ ದ್ವೀಪಗಳಿವೆ. ಅವುಗಳ ಸುತ್ತ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಹುದುಗಿರುವ ಬಂಡೆಸಾಲುಗಳುಂಟು. ಹಾಯಿಹಡಗಿನ ಕಾಲದಲ್ಲಿಯೂ ಹಬೆಯ ಹಡಗಿನ ಕಾಲದಲ್ಲಿಯೂ ಬಂದರಿನತ್ತ ಬರುವ ನಾವಿಕರಿಗೆ ಅವು ಕಾಣದ ಶತ್ರುಗಳು. ಗೋವೆಯ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ತ್ವಜ್ಞರು ಈ ಬಂಡೆಸಾಲುಗಳ ಬಳಿ ಮುಳುಗಿ ಶೋಧ ನಡೆಸಿದರು. ಡಾ. ಸಿಲಾ ತ್ರಿಪಾಠಿಯವರು ಈ ಶೋಧಗಳ ಫಲಿತಾಂಶವನ್ನು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟಿಸಿದವರಲ್ಲಿ ಪ್ರಮುಖರು. ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ಅವರಿಗೆ ದೊರೆತದ್ದು ಚಿನ್ನದ ನಾಣ್ಯವಲ್ಲ, ಫಿರಂಗಿಯೂ ಅಲ್ಲ. ಸುಟ್ಟ ಮಣ್ಣಿನ ಸಾಮಾನು: ಚಾವಣಿಯ ಹಂಚು, ಸೂರಿನ ನೆತ್ತಿಗೆ ಕೂರಿಸುವ ಹಂಚು, ನೆಲಕ್ಕೆ ಹಾಸುವ ಬಿಲ್ಲೆ, ಹೊಗೆಗೂಡಿನ ಇಟ್ಟಿಗೆ, ನೀರು ಹರಿಯುವ ಕೊಳವೆ, ಕಂಬದ ತುಂಡುಗಳು, ಎಲೆಬಳ್ಳಿಯ ಅಲಂಕಾರವುಳ್ಳ ಕಂಬದ ಬೋದಿಗೆಗಳು. ಒಂದು ಭವ್ಯ ಕಟ್ಟಡಕ್ಕೆ ಬೇಕಾದ ಸಾಮಗ್ರಿಯೆಲ್ಲ ಒಂದೇ ಹಡಗಿನಲ್ಲಿ ಹೊರಟಂತೆ ತೋರುತ್ತದೆ. ಅವುಗಳ ಮೇಲೆ ಒತ್ತಿದ ಅಕ್ಷರಗಳು: ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’.

ಬಾಸೆಲ್ ಮಿಷನ್ನಿನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಈ ಮಿಷನ್ನಿನವರ ಮುದ್ರಣಾಲಯದಿಂದಲೇ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಅದೇ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನೇತ್ರಾವತಿ, ಗುರುಪುರ ನದಿಗಳು ತಂದು ಹಾಕಿದ ನಯವಾದ ಜೇಡಿಮಣ್ಣು, ಒಲೆಗೆ ಸಮೃದ್ಧವಾಗಿ ಸೌದೆ, ಸರಕು ಸಾಗಿಸಲು ಮಗ್ಗುಲಲ್ಲಿಯೇ ಬಂದರು: ಮೂರೂ ಒಂದೆಡೆ ಕೂಡಿದ್ದವು. ಮೊದಲಿಗೆ ಮಣ್ಣನ್ನು ಅರೆದು ಹದಮಾಡುವುದಕ್ಕೆ ಎತ್ತುಗಳನ್ನೇ ಕಟ್ಟುತ್ತಿದ್ದರು; ಬರಬರುತ್ತ ಹಬೆಯಂತ್ರ ಬಂದಿತು. ಕೆಲವೇ ವರ್ಷಗಳಲ್ಲಿ ಸ್ಥಳೀಯ ಉದ್ಯಮಿಗಳೂ ಈ ಕಸುಬಿಗೆ ಕೈಹಾಕಿದರು. ಬರ್ಮಾ, ಸಿಂಹಳ, ಪೂರ್ವ ಆಫ್ರಿಕ, ಆಸ್ಟ್ರೇಲಿಯಗಳವರೆಗೂ ಮಂಗಳೂರಿನ ಹಂಚು ಹಡಗೇರಿ ಹೋಯಿತು. ಘಟ್ಟ ಹತ್ತಿ ನಮ್ಮ ಕಡೆಗೂ ಬಂದಿತು. ಕುಂಬಾರರು ತಿಗರಿಯ ಮೇಲೆ ಮಾಡುತ್ತಿದ್ದ ನಾಡಹಂಚು ಕೋತಿಯ ಒಂದು ನೆಗೆತಕ್ಕೆ ಚೂರಾಗುತ್ತಿತ್ತು. ವರ್ಷವರ್ಷವೂ ಮಳೆಗಾಲಕ್ಕೆ ಮುನ್ನ ಕೈಯಾಡಿಸಬೇಕಿತ್ತು. ಒಂದರ ಅಂಚು ಮತ್ತೊಂದರ ಗಾಡಿಯಲ್ಲಿ ಕಚ್ಚಿಕೊಂಡು ಕೂರುವ ಹೊಸ ಹಂಚು ಆ ತಾಪತ್ರಯವನ್ನು ಬಹಳಷ್ಟು ತಪ್ಪಿಸಿತು. ಮುಂದೆ ಒಳನಾಡಿನಲ್ಲಿಯೂ ಅದೇ ಮಾದರಿಯ ಹಂಚು ತಯಾರಾದರೂ ಹೆಸರು ಮಾತ್ರ ಮಂಗಳೂರಿನದೇ ನಿಂತಿತು.

ಇನ್ನು, ಕಡಲಿನಲ್ಲಿ ಹಂಚೇ ಏಕೆ ಸಿಕ್ಕಿತು, ಹಡಗು ಏಕೆ ಸಿಗಲಿಲ್ಲ ಎಂಬ ಪ್ರಶ್ನೆ. ಇದಕ್ಕೆ ಉತ್ತರ ನೀರಿನ ಗುಣದಲ್ಲಿದೆ. ಮರವನ್ನು ಕೊರೆದು ತಿನ್ನುವ ಒಂದು ಜೀವಿ ಉಪ್ಪುನೀರಿನಲ್ಲಿ ವಾಸಿಸುತ್ತದೆ. ಹಡಗುಹುಳು ಎಂದು ಅದನ್ನು ಕರೆಯುವುದುಂಟು; ಹೆಸರಿಗೆ ಹುಳುವಾದರೂ ವಾಸ್ತವವಾಗಿ ಅದು ಕಪ್ಪೆಚಿಪ್ಪಿನ ಬಳಗದ್ದು. ನಮ್ಮ ಮನೆಯ ಬಾಗಿಲುವಾಡಕ್ಕೆ ಗೆದ್ದಲು ಹೇಗೋ ಹಡಗಿನ ಮೈಗೆ ಅದು ಹಾಗೆ. ನಮ್ಮ ಪಡುಗಡಲಿನಂತಹ ಬೆಚ್ಚನೆಯ ನೀರಿನಲ್ಲಿ ಅದರ ಹಾವಳಿ ಅತಿ. ಮರಳಿನಲ್ಲಿ ಹೂತುಹೋದ ಭಾಗವನ್ನುಳಿದು ಮರದ ಮೈ ಕೆಲವು ದಶಕಗಳಲ್ಲಿಯೇ ಇಲ್ಲವಾಗಿಬಿಡುತ್ತದೆ. ಶೀತ ಕಡಲುಗಳ ಕಥೆ ಬೇರೆ. ಸ್ವೀಡನ್ನಿನ ಸ್ಟಾಕ್‌ಹೋಮ್ ಬಂದರಿನಲ್ಲಿ 1628ರಲ್ಲಿ ತನ್ನ ಮೊದಲ ಯಾನದಲ್ಲಿಯೇ ಮುಳುಗಿದ ‘ವಾಸಾ’ ಎಂಬ ಯುದ್ಧನೌಕೆಯನ್ನು 1961ರಲ್ಲಿ ಮೇಲೆತ್ತಿದಾಗ ಅದು ಹೆಚ್ಚುಕಡಿಮೆ ಇಡಿಯಾಗಿಯೇ ಬಂದಿತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ತೀರ ಕಡಿಮೆಯಾದುದರಿಂದ ಮರ ಕೊರೆಯುವ ಆ ಜೀವಿ ಅಲ್ಲಿ ನೆಲಸಲಾರದು. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ 1545ರಲ್ಲಿ ಮುಳುಗಿ 1982ರಲ್ಲಿ ಮೇಲೆದ್ದ ‘ಮೇರಿ ರೋಸ್’ ಅರ್ಧ ಮಾತ್ರ ಉಳಿದಿತ್ತು. ಕೆಸರಿನಲ್ಲಿ ಹೂತಿದ್ದ ಅರ್ಧ ಅದು. ಅಂತಹ ನೌಕೆಗಳ ಮುಂದೆ ಗೋವೆಯ ಹಡಗು ಬಡವ. ಮರ ಹೋಯಿತು, ಹಾಯಿ ಹೋಯಿತು, ಹಗ್ಗ ಹೋಯಿತು. ಉಳಿದದ್ದು ಒಮ್ಮೆ ಬೆಂಕಿಯಲ್ಲಿ ಬೆಂದದ್ದರಿಂದ ಉಪ್ಪುನೀರಿಗೂ ಹುಳುವಿಗೂ ಬಗ್ಗದ ಮಣ್ಣು ಮಾತ್ರ.

ಆ ಮಣ್ಣೇ ಸಾಕ್ಷಿ ನುಡಿಯಿತು. ಹಡಗಿನ ಹೆಸರು ಹೇಳುವ ಫಲಕ ಇಲ್ಲ. ಆದರೆ ಕಾರ್ಖಾನೆ ಹುಟ್ಟಿದ್ದು 1865ರಲ್ಲಾದ್ದರಿಂದ ಅದಕ್ಕಿಂತ ಮುಂಚೆ ಈ ಹಡಗು ಮುಳುಗಿರಲು ಸಾಧ್ಯವಿಲ್ಲ ಎಂಬುದು ಖಚಿತವಾಯಿತು. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನರೊಂದಿಗಿನ ಸಂಬಂಧದ ಕಾರಣ ಮಿಷನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಒಡೆತನಕ್ಕೆ ಹೋದವು, ಹಂಚಿನ ಮೇಲಿನ ಹೆಸರೂ ಬದಲಾಯಿತು. ಆದ್ದರಿಂದ ಬಾಸೆಲ್ ಮಿಷನ್ನಿನ ಅಚ್ಚುಳ್ಳ ಸರಕು ಹಡಗೇರಿದ್ದು ಈ ಎರಡು ಗಡಿಗಳ ನಡುವಿನ ಅರ್ಧ ಶತಮಾನದಲ್ಲಿ ಎಂದು ಊಹಿಸಬಹುದು. ಮಂಗಳೂರಿನ ಸೀಮೆಯಿಂದ ಉತ್ತರಮುಖವಾಗಿ ಹೊರಟ ಸರಕು ಎಂಬುದೂ ಅದೇ ಅಕ್ಷರಗಳಿಂದ ಹೊಳೆಯುವ ಮಾತು. ಒಂದು ಹಂಚಿನ ಬೆನ್ನು ಇಷ್ಟನ್ನು ಹೇಳಬಲ್ಲುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಆಡಬೇಕು. ಹಂಚಿನ ಮೇಲಿನ 1865 ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಆ ಹಂಚನ್ನು ಸುಟ್ಟ ವರ್ಷವಲ್ಲ. ನಮ್ಮ ಮನೆ 1865ರಲ್ಲಿ ಕಟ್ಟಿದ್ದೆಂದು ಸೂರಿನತ್ತ ಬೆರಳು ತೋರಿ ಬೀಗರ ಮುಂದೆ ಹೆಮ್ಮೆ ಪಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಗೋವೆಯ ನೀರಿನಲ್ಲಿ ಬೇರೆ ಹಡಗುಗಳೂ ಪತ್ತೆಯಾಗಿವೆ. ಸುಂಚಿ ಎಂಬ ಬಂಡೆಸಾಲಿನ ಬಳಿ ಕೆಲವೇ ಮೀಟರ್ ಆಳದಲ್ಲಿ ದೊರೆತ ಹದಿನೇಳನೆಯ ಶತಮಾನದ ಪೋರ್ಚುಗೀಸ್ ಕಾಲದ ಅವಶೇಷದಲ್ಲಿ ಆನೆಯ ದಂತ, ನೀರಾನೆಯ ಹಲ್ಲು, ಚೀನದ ಪಿಂಗಾಣಿ, ದೊಡ್ಡ ದೊಡ್ಡ ಜಾಡಿಗಳ ಚೂರು ಇದ್ದವು. ಆಮಿ ಎಂಬೆಡೆ ಹಬೆಯ ಹಡಗೊಂದರ ಬಾಯ್ಲರ್ ಬಿದ್ದಿದೆ. ನೀರಿನೊಳಗಿನ ಪುರಾತತ್ತ್ವ ಎಂಬ ಈ ಶಾಸ್ತ್ರ ನಮ್ಮ ದೇಶದಲ್ಲಿ ನೆಲೆಗೊಂಡದ್ದು 1980ರ ದಶಕದಲ್ಲಿ. ಅದಕ್ಕೆ ಕಾರಣರಾದವರು ಹೊನ್ನಾಳಿ, ನ್ಯಾಮತಿಗಳ ನೆರೆಯ ಊರನ್ನು ತಮ್ಮ ಹೆಸರಿನಲ್ಲಿಯೇ ಹೊತ್ತಿದ್ದ ಕನ್ನಡಿಗ ಶಿಕಾರಿಪುರ ರಂಗನಾಥರಾಯರು, ಎಂದರೆ ಡಾ. ಎಸ್. ಆರ್. ರಾವ್. ಗುಜರಾತಿನ ಲೋಥಲ್‌ನಲ್ಲಿ ಹರಪ್ಪ ಕಾಲದ ನೆಲೆಯನ್ನು ಅಗೆದು ತೋರಿಸಿದ ಈ ವಿದ್ವಾಂಸರು ಆ ಬಳಿಕ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮೂಲಕ ದ್ವಾರಕೆಯ ಕಡಲಿನ ಶೋಧಕ್ಕೆ ಮುಂದಾಳಾದರು. ಅವರು 2013ರಲ್ಲಿ ತೀರಿಕೊಂಡರು. ಸಮುದ್ರವೇ ಕಾಣದ ಸೀಮೆಯ ಹೆಸರೊಂದು ಸಮುದ್ರ ಪುರಾತತ್ತ್ವದ ಇತಿಹಾಸದಲ್ಲಿ ನಿಂತಿರುವುದು ನಮ್ಮ ಭಾಗದ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ವಿಷಯ.

ನೀರಿನೊಳಗೆ ಇಳಿಯುವ ಬಗೆ

ವಿದ್ವಾಂಸರು ಮಾತ್ರವಲ್ಲ, ಹವ್ಯಾಸಿಗಳೂ ಈಗ ಕಡಲಿಗೆ ಇಳಿಯುತ್ತಿದ್ದಾರೆ. ಗೋವೆಯ ಗ್ರಾಂಡೆ ದ್ವೀಪದ ಬಳಿ ‘ಸೂಸಿಸ್ ರೆಕ್’ ಎಂದು ಮುಳುಗುಗಾರರು ಕರೆಯುವ ಒಂದು ಕಬ್ಬಿಣದ ಹಡಗಿನ ಅವಶೇಷವುಂಟು; ಆಳವಿಲ್ಲದ ಜಾಗವಾದ್ದರಿಂದ ಹೊಸಬರನ್ನೂ ಅತ್ತ ಕರೆದೊಯ್ಯುತ್ತಾರೆ. ನಮ್ಮ ರಾಜ್ಯದಲ್ಲಿ ಮುರ್ಡೇಶ್ವರದ ಎದುರಿಗೆ, ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪ ಸ್ಕೂಬಾಕ್ಕೆ ಪ್ರಸಿದ್ಧಿ ಪಡೆದಿದೆ. ಅಲ್ಲಿ ನೋಡುವುದು ಹಡಗನ್ನಲ್ಲ; ಹವಳವನ್ನೂ ಬಣ್ಣಬಣ್ಣದ ಮೀನುಗಳನ್ನೂ. ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಓದುತ್ತಿರುವ ಮಕ್ಕಳು ರಜೆಯಲ್ಲಿ ‘ಸ್ಕೂಬಾಕ್ಕೆ ಹೋಗುತ್ತೇವೆ’ ಎಂದಾಗ ಮನೆಯ ಹಿರಿಯರ ಎದೆ ಡವಗುಟ್ಟುವುದು ಸಹಜ. ಹೊಳೆಯ ದಂಡೆಯವರಿಗಂತೂ ನೀರಿನ ಭಯ ಕೇಳಿ ತಿಳಿದದ್ದಲ್ಲ. ಹೋಗಬೇಡಿ ಎನ್ನುವುದಕ್ಕಿಂತ ಅದರ ಒಳಹೊರಗನ್ನು ತಿಳಿದುಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಮೊದಲಿಗೆ ಒಂದು ತಪ್ಪು ಕಲ್ಪನೆ. ಮುಳುಗುವವರ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಆಮ್ಲಜನಕ ಇರುತ್ತದೆಂದು ಬಹುಮಂದಿ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ. ಸುಮಾರು 200 ಪಟ್ಟು ಒತ್ತಿ ತುಂಬಿದ ಗಾಳಿ. ಆ ಒತ್ತಡವನ್ನು ತಗ್ಗಿಸಿ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗುವಷ್ಟೇ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಎಂಬ ಸಾಧನವೇ ಈ ವಿದ್ಯೆಯ ಜೀವಾಳ. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ 1943ರಲ್ಲಿ ಅದನ್ನು ರೂಪಿಸಿದರು. ಸಮುದ್ರದ ಮಟ್ಟದಲ್ಲಿ ನಮ್ಮ ಮೈಮೇಲೆ ವಾತಾವರಣದ ಒಂದು ಪಾಲು ಒತ್ತಡವಿದ್ದರೆ, ಹತ್ತು ಮೀಟರ್ ಇಳಿದಾಗ ಅದು ಎರಡು ಪಾಲಾಗುತ್ತದೆ; ಇಪ್ಪತ್ತು ಮೀಟರಿಗೆ ಮೂರು. ಎಂದರೆ ಒತ್ತಡ ಒಮ್ಮೆಗೇ ಇಮ್ಮಡಿಯಾಗುವುದು ಮೊದಲ ಹತ್ತು ಮೀಟರಿನಲ್ಲಿಯೇ. ಆಳವಿಲ್ಲದ ಹಡಗು, ಆದ್ದರಿಂದ ಅಪಾಯವಿಲ್ಲ ಎನ್ನುವ ಮಾತು ಅರ್ಧಸತ್ಯವಾಗುವುದು ಇಲ್ಲಿಯೇ.

ತುಂಗಭದ್ರೆಯಲ್ಲಿ ಈಜಿ ಬೆಳೆದ ಹೊನ್ನಾಳಿಯ ಹುಡುಗನನ್ನು ಊಹಿಸಿಕೊಳ್ಳಿ. ಮುಳುಗುವುದೆಂದರೆ ಅವನಿಗೆ ಉಸಿರು ಬಿಗಿಹಿಡಿಯುವುದು. ಎಷ್ಟು ಹೊತ್ತು ಹಿಡಿದಾನೋ ಅಷ್ಟು ಅವನ ಹೆಗ್ಗಳಿಕೆ. ಸ್ಕೂಬಾದಲ್ಲಿ ಅವನು ಮೊದಲು ಮರೆಯಬೇಕಾದದ್ದು ಈ ಅಭ್ಯಾಸವನ್ನೇ. ಹೊಳೆಯಲ್ಲಿ ಅವನು ಮೇಲಿನಿಂದ ಎಳೆದುಕೊಂಡು ಹೋದ ಗಾಳಿ ಕೆಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಗಾಳಿಯನ್ನು ಎಳೆದುಕೊಳ್ಳುವುದು ಕೆಳಗೆ. ಹತ್ತು ಮೀಟರ್ ಆಳದಲ್ಲಿ ಶ್ವಾಸಕೋಶ ತುಂಬ ತೆಗೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಇಮ್ಮಡಿ ಜಾಗ ಬೇಡುತ್ತದೆ. ಬಾಯಿ ಬಿಗಿಹಿಡಿದು ಮೇಲಕ್ಕೆ ಚಿಮ್ಮಿದವನ ಶ್ವಾಸಕೋಶ ಹರಿಯಬಹುದು, ಪ್ರಾಣಕ್ಕೇ ಸಂಚಕಾರ. ಆದಕಾರಣ ಸ್ಕೂಬಾ ಕಲಿಸುವವರು ಎಲ್ಲಕ್ಕಿಂತ ಮೊದಲು ಹೇಳಿಕೊಡುವ ನಿಯಮ ಉಸಿರನ್ನು ಎಂದೂ ತಡೆಯಕೂಡದು ಎಂಬುದು. ನಿಧಾನವಾಗಿ ಉಸಿರಾಡುತ್ತ, ನಿಮಿಷಕ್ಕೆ ಒಂಬತ್ತು ಮೀಟರಿಗಿಂತ ವೇಗವಾಗದಂತೆ ಮೇಲೇರಬೇಕು.

ಕಿವಿಯದು ಇನ್ನೊಂದು ತೊಡಕು. ಒಂದೆರಡು ಮೀಟರ್ ಇಳಿಯುತ್ತಲೇ ಕಿವಿದಮಟೆ ಒಳಕ್ಕೆ ಒತ್ತಿದಂತಾಗುತ್ತದೆ. ಮೂಗನ್ನು ಹಿಡಿದು ಮೆಲ್ಲಗೆ ಗಾಳಿಯನ್ನು ಊದಿ ಆ ಒತ್ತಡವನ್ನು ಸರಿದೂಗಿಸಬೇಕು. ನೋವು ಕಾಣುವ ಮೊದಲೇ ಅದನ್ನು ಮಾಡಬೇಕು. ನೆಗಡಿಯಾಗಿದ್ದವರಿಗೆ ಇದು ಆಗದು. ದುಡ್ಡು ಕಟ್ಟಿಯಾಗಿದೆ ಎಂಬ ಒಂದೇ ಕಾರಣಕ್ಕೆ ಮೂಗು ಕಟ್ಟಿಕೊಂಡೇ ಇಳಿದು ಕಿವಿ ಕೆಡಿಸಿಕೊಳ್ಳುವುದು ಬೇಡ. ಉಬ್ಬಸ, ಹೃದ್ರೋಗ, ಮೂರ್ಛೆ ಉಳ್ಳವರು ವೈದ್ಯರನ್ನು ಕೇಳದೆ ಇಳಿಯಬಾರದು. ಗರ್ಭಿಣಿಯರಿಗೆ ಸ್ಕೂಬಾ ಸಲ್ಲದು. ಇಳಿಯುವ ಮುನ್ನ ಕೊಡುವ ಆರೋಗ್ಯದ ಅರ್ಜಿಯಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಬರೆದು ಸಹಿ ಹಾಕುವ ಚಾಳಿಯಂತೂ ತೀರ ಕೆಟ್ಟದ್ದು. ಒಂದೇ ದಿನದ ಪರಿಚಯಕ್ಕೆ ಹೋಗುವವರು ತರಬೇತಿ ಪಡೆದ ಮಾರ್ಗದರ್ಶಕರ ಕೈಯಳತೆಯಲ್ಲಿಯೇ ಇರಬೇಕು. ಅಂಥವರಿಗೆ 12 ಮೀಟರಿಗಿಂತ ಆಳ ನಿಷಿದ್ಧ. ಒಬ್ಬ ಮಾರ್ಗದರ್ಶಕ ಎಷ್ಟು ಮಂದಿಯನ್ನು ಕರೆದೊಯ್ಯುತ್ತಾನೆ ಎಂದು ದೋಣಿ ಹತ್ತುವ ಮುನ್ನವೇ ಕೇಳಿ ತಿಳಿಯುವ ಹಕ್ಕು ಹಣ ಕೊಟ್ಟವರಿಗೆ ಇದೆ.

ನಮ್ಮ ಕಡೆಯವರಿಗೆ ಮಾತ್ರ ಅನ್ವಯಿಸುವ ಒಂದು ಸೂಚನೆಯನ್ನು ಪ್ರವಾಸದ ಕೈಪಿಡಿಗಳು ಹೇಳುವುದು ಅಪರೂಪ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿಯೂ ಮಾಂಸಖಂಡಗಳಲ್ಲಿಯೂ ಕರಗಿ ಸೇರುತ್ತದೆ. ಅದು ಹೊರಹೋಗಲು ಹಲವು ಗಂಟೆಗಳು ಬೇಕು. ಅದಕ್ಕೆ ಮೊದಲೇ ಎತ್ತರಕ್ಕೆ ಏರಿದರೆ ಸೋಡಾ ಬಾಟಲಿಯ ಬಿರಡೆ ತೆಗೆದಂತೆ ರಕ್ತದಲ್ಲಿ ಗುಳ್ಳೆಗಳು ಎದ್ದು ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೂ ತೊಂದರೆ ಬರಬಹುದು. ಹೀಗಾಗಿ ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಲ ವಿಮಾನ ಹತ್ತಬಾರದೆಂದು ತಜ್ಞರ ಸಲಹೆ. ನಾವು ವಿಮಾನ ಹತ್ತುವುದಿಲ್ಲ, ನಿಜ. ಆದರೆ ಘಟ್ಟ ಹತ್ತುತ್ತೇವೆ. ಕಡಲ ಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಎರಡು ತಾಸಿನಲ್ಲಿ ಏರಿಬಿಡುತ್ತೇವೆ. ಬೆಳಿಗ್ಗೆ ಮುಳುಗಿ ಮಧ್ಯಾಹ್ನವೇ ಬಾಡಿಗೆ ವಾಹನದಲ್ಲಿ ಊರ ಕಡೆ ಹೊರಡುವ ಬದಲು ಅಂದಿನ ರಾತ್ರಿ ಕರಾವಳಿಯಲ್ಲಿಯೇ ತಂಗಿ ಮರುದಿನ ಹೊರಡುವುದು ಕ್ಷೇಮ.

ಇಷ್ಟು ಸಿದ್ಧತೆಯಿಂದ ಇಳಿದವರಿಗೆ ಕಾಣುವುದೇನು? ಗೋವೆಯ ನೀರು ಚಿತ್ರಪಟದಲ್ಲಿ ತೋರುವಷ್ಟು ತಿಳಿಯಲ್ಲ. ಮಾಂಡವಿ, ಜುವಾರಿ ನದಿಗಳು ಮಳೆಗಾಲವಿಡೀ ಕೆಸರನ್ನು ತಂದು ಸುರಿಯುತ್ತವೆ. ದೀಪಾವಳಿ ಕಳೆದ ಮೇಲೂ ಹಲವು ದಿನ ನಾಲ್ಕಾರು ಮೀಟರ್ ಆಚೆಗೆ ಏನೂ ಕಾಣದೆ ಇರುವುದುಂಟು. ನೀರು ಬೆಚ್ಚಗಿರುತ್ತದೆ. ಇಂಗ್ಲೆಂಡಿನ ಅಥವಾ ಸ್ವೀಡನ್ನಿನ ಕಡಲಿನಲ್ಲಿ ಮುಳುಗುವವರು ದಪ್ಪ ರಬ್ಬರಿನ ಕವಚ ತೊಡಬೇಕು, ಇಲ್ಲವೆ ನೀರು ಒಳಹೊಗದ ಉಡುಪನ್ನೇ ಧರಿಸಬೇಕು. ನಮ್ಮಲ್ಲಿ ತೆಳುವಾದ ಉಡುಪು ಸಾಕು. ನೀರಿನೊಳಗೆ ಪ್ರತಿಯೊಂದು ವಸ್ತುವೂ ಇದ್ದುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ತೋರುತ್ತದೆ. ಕೈಚಾಚಿದರೆ ಸಿಗುವಂತಿದ್ದದ್ದು ಸಿಗುವುದಿಲ್ಲ. ಬಣ್ಣಗಳ ಪೈಕಿ ಮೊದಲು ಮಾಯವಾಗುವುದು ಕೆಂಪು. ಮಂಗಳೂರಿನ ಕೆಂಪು ಹಂಚು ಕೆಲವೇ ಮೀಟರ್ ಕೆಳಗೆ ಕೆಂಪಾಗಿ ಕಾಣುವುದಿಲ್ಲ, ಮಸಿ ಹಿಡಿದ ಹಲಗೆಯಂತೆ ಕಾಣುತ್ತದೆ. ಬ್ಯಾಟರಿಯ ಬೆಳಕು ಬಿಟ್ಟಾಗ ಮಾತ್ರ ನಮ್ಮ ಪಡಸಾಲೆಯ ಸೂರಿನ ಬಣ್ಣ ಅಲ್ಲಿ ಮರಳುತ್ತದೆ. ಮೇಲೆ ಸುಣ್ಣದಂತಹ ಚಿಪ್ಪುಗಳು ಅಂಟಿರುತ್ತವೆ, ಸಂದುಗಳಲ್ಲಿ ಮೀನುಗಳು ನೆಲೆ ಮಾಡಿರುತ್ತವೆ.

ಬಂಡೆಸಾಲಿನ ಮೇಲಿನ ನೀರು ಎಂದೂ ನಿಶ್ಚಲವಲ್ಲ. ಹಡಗನ್ನು ಎತ್ತಿ ಬಡಿದದ್ದು ಯಾವ ಅಲೆಯೋ ಅದೇ ಅಲೆ ಮುಳುಗಿದವರನ್ನೂ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ತುಕ್ಕು ಹಿಡಿದ ಕಬ್ಬಿಣದ ಅಂಚು, ಸಿಕ್ಕಿಕೊಂಡು ಹರಿದ ಮೀನುಬಲೆ, ಯಾವ ಕ್ಷಣದಲ್ಲಿಯಾದರೂ ಕುಸಿಯಬಹುದಾದ ತಗಡು ಇವೆಲ್ಲ ಅಲ್ಲಿರುತ್ತವೆ. ಹಡಗಿನ ಒಳಹೊಗುವುದು ಅದಕ್ಕೆಂದೇ ಕಲಿತವರ ಕೆಲಸ. ಮಿಕ್ಕವರು ಹೊರಗಿನಿಂದ ನೋಡಿ ಬರತಕ್ಕದ್ದು.

ನೋಡಿ ಬರುವುದು, ಹೊತ್ತು ತರುವುದಲ್ಲ

ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು ಇಲ್ಲಿದೆ. ಒಂದು ಹಂಚಿನ ತೂಕ ಎರಡು ಮೂರು ಕಿಲೋ. ನೀರಿನೊಳಗೆ ಅದು ಇನ್ನೂ ಹಗುರ. ನೆನಪಿಗೆಂದು ಒಬ್ಬರು ಒಂದು ತಂದರೆ ಯಾರಿಗೇನು ನಷ್ಟ ಎನಿಸುವುದು ಸುಲಭ. ಆದರೆ ಪುರಾತತ್ತ್ವಜ್ಞರು ಕಡಲ ತಳದಲ್ಲಿ ಹಗ್ಗ ಕಟ್ಟಿ ಚೌಕಗಳನ್ನು ಗುರುತಿಸಿ, ಯಾವ ವಸ್ತು ಯಾವ ಚೌಕದಲ್ಲಿ ಯಾವ ಮುಖವಾಗಿ ಬಿದ್ದಿದೆ ಎಂದು ಬರೆದುಕೊಳ್ಳುತ್ತಾರೆ. ಹಂಚುಗಳು ಸಾಲಾಗಿ ಒಟ್ಟಿದಂತೆಯೇ ಇವೆಯೋ ಚೆಲ್ಲಾಪಿಲ್ಲಿಯಾಗಿವೆಯೋ ಎಂಬುದರಿಂದ ಹಡಗು ನೆಟ್ಟಗೆ ಕುಳಿತಿತೋ ಮಗುಚಿತೋ ತಿಳಿಯುತ್ತದೆ. ಕೊಳವೆ ಒಂದೆಡೆ, ಬೋದಿಗೆ ಒಂದೆಡೆ ಇದ್ದರೆ ಸರಕನ್ನು ತುಂಬಿದ ಕ್ರಮ ತಿಳಿಯುತ್ತದೆ. ಜಾಗ ಬಿಟ್ಟು ಎತ್ತಿದ ಹಂಚು ಒಗಟಿನಿಂದ ಕಿತ್ತ ಒಂದು ಅಕ್ಷರದಂತೆ. ತಂದವರ ಮನೆಯಲ್ಲಿ ಅದು ಬರಿಯ ಹಂಚು. ಮೇಲಾಗಿ, ನೂರಾರು ತಿಂಗಳು ಉಪ್ಪುನೀರು ಕುಡಿದ ಮಣ್ಣಿನ ವಸ್ತುವನ್ನು ತಂದು ಹಾಗೆಯೇ ಒಣಗಿಸಿದರೆ ಒಳಗಿನ ಉಪ್ಪು ಹರಳುಗಟ್ಟಿ ಮೇಲ್ಪದರವನ್ನು ದೂಡುತ್ತದೆ. ಹಳೆಯ ಗೋಡೆಯ ಬುಡದಲ್ಲಿ ಉಪ್ಪೆದ್ದು ಗಾರೆ ಉದುರುವುದಿಲ್ಲವೆ, ಹಾಗೆ. ಪ್ರಯೋಗಾಲಯದಲ್ಲಿ ಅದನ್ನು ಸಿಹಿನೀರಿನಲ್ಲಿ ಬಹುಕಾಲ ನೆನೆಸಿ, ನೀರು ಬದಲಿಸುತ್ತ ಬದಲಿಸುತ್ತ ಉಪ್ಪನ್ನು ಬಿಡಿಸುತ್ತಾರೆ. ಹವ್ಯಾಸಿ ತಂದ ಹಂಚಿನಲ್ಲಿ ಮೊದಲು ಉದುರಿಹೋಗುವುದು ಉಬ್ಬಕ್ಷರವೇ.

ನೂರು ವರ್ಷಕ್ಕೆ ಮೇಲ್ಪಟ್ಟ ಐತಿಹಾಸಿಕ ವಸ್ತುಗಳನ್ನು 1972ರ ಪ್ರಾಚೀನ ವಸ್ತುಗಳ ಕಾಯಿದೆ ರಕ್ಷಣೆಗೆ ಒಳಪಡಿಸಿದೆ. 2001ರಲ್ಲಿ ಯುನೆಸ್ಕೊ ಅಂಗೀಕರಿಸಿದ ಒಡಂಬಡಿಕೆಯೂ ನೀರೊಳಗಿನ ಪರಂಪರೆಯನ್ನು ಸಾಧ್ಯವಾದಷ್ಟು ಇದ್ದಲ್ಲಿಯೇ ಕಾಪಾಡಬೇಕೆಂದು ವಿಧಿಸುತ್ತದೆ. ಆದರೆ ಕಡಲಿನಲ್ಲಿ ಕಾವಲುಗಾರರನ್ನು ನಿಲ್ಲಿಸುವವರಾರು? ಗುಜರಿಯವರು ಹಿತ್ತಾಳೆ, ತಾಮ್ರದ ಆಸೆಗೆ ಹಡಗುಗಳನ್ನು ಬಿಚ್ಚಿಕೊಂಡು ಹೋಗುವುದೂ ಬಲೆ ಎಳೆಯುವ ದೋಣಿಗಳು ಅವಶೇಷವನ್ನು ಚೆದರಿಸುವುದೂ ಎಲ್ಲ ಕರಾವಳಿಗಳಲ್ಲಿಯೂ ನಡೆದದ್ದೇ. ಹಡಗು ಮುಳುಗುವುದು ಹಳೆಯ ಕಾಲಕ್ಕೇ ಮುಗಿದಿಲ್ಲ ಎನ್ನಿ: 2022ರ ಜೂನಿನಲ್ಲಿ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಉಕ್ಕಿನ ಸುರುಳಿಗಳನ್ನು ಹೊತ್ತು ಮಂಗಳೂರಿನ ಬಳಿಯ ಉಳ್ಳಾಲದ ಕಡಲಿನಲ್ಲಿಯೇ ಮುಳುಗಿತು. ಅದರಲ್ಲಿದ್ದ 15 ಮಂದಿ ನಾವಿಕರನ್ನು ಕರಾವಳಿ ರಕ್ಷಣಾ ಪಡೆಯವರು ಪಾರುಮಾಡಿದರು.

ಕಡಲಿನ ಹಂಚಿಗೆ ಹೀಗೆ ಕಾಯಿದೆಯ ಮಾತಾದರೂ ಉಂಟು. ನೆಲದ ಮೇಲಿನ ಹಂಚಿಗೆ ಅದೂ ಇಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಗಳಲ್ಲಿ ಹಳೆಯ ಮನೆಗಳನ್ನು ಕೆಡವಿ ತಾರಸಿ ಹಾಕಿಸುವುದು ಈಗ ಎಲ್ಲೆಡೆ ಕಾಣುವ ದೃಶ್ಯ. ಅದನ್ನು ತಪ್ಪೆನ್ನಲಾರೆ, ಬೆಳೆದ ಸಂಸಾರಕ್ಕೆ ಮಹಡಿ ಬೇಕು, ಹಂಚು ತಿರುವಿಹಾಕಲು ಆಳು ಸಿಗುವುದಿಲ್ಲ, ಕೋತಿಗಳ ಕಾಟ ತಪ್ಪಿದ್ದಲ್ಲ. ಇಳಿಸಿದ ಹಂಚನ್ನು ಕೆಲವರು ಕೊಟ್ಟಿಗೆಗೆ ಹೊದಿಸುತ್ತಾರೆ, ಕೆಲವರು ಹಳೆಯ ಸಾಮಾನು ಕೊಳ್ಳುವವರಿಗೆ ಮಾರುತ್ತಾರೆ. ಅಲ್ಲಿಂದ ಅವು ಬೆಂಗಳೂರಿನ ಕಡೆಯ ತೋಟದ ಮನೆಗಳ ಅಲಂಕಾರಕ್ಕೆ ಹೋದರೂ ಹೋದಾವು. ಹೋಗುವ ಮೊದಲು ಒಂದು ಕೆಲಸ ಮಾಡಬಹುದು. ಬೇರೆ ಬೇರೆ ಅಚ್ಚಿನ ಹಂಚುಗಳನ್ನು ಒಂದೊಂದು ತೆಗೆದಿಟ್ಟು, ಪಾಚಿಯನ್ನು ನೀರಿನಿಂದ ತೊಳೆದು (ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಅಕ್ಷರ ಸವೆಯುತ್ತದೆ), ಬೆನ್ನಿನ ಮೇಲಿನ ಕಾರ್ಖಾನೆಯ ಹೆಸರು, ಊರು, ಇಸವಿ, ಚಿತ್ರಮುದ್ರೆ ಇದ್ದರೆ ಅದನ್ನೂ ಬರೆದುಕೊಳ್ಳುವುದು. ಓರೆಯಾಗಿ ಬೀಳುವ ಬೆಳಗಿನ ಬಿಸಿಲಿನಲ್ಲಿ ಒಂದು ಛಾಯಾಚಿತ್ರ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಮನೆ ಯಾವಾಗ ಕಟ್ಟಿದ್ದು, ಹಂಚು ಗಾಡಿಯಲ್ಲಿ ಬಂದಿತೋ ರೈಲಿನಲ್ಲಿ ಬಂದಿತೋ, ಯಾವ ಘಟ್ಟದ ದಾರಿಯಿಂದ ಬಂದಿತು ಎಂಬುದನ್ನು ಮನೆಯ ಅಜ್ಜ ಅಜ್ಜಿಯರಿದ್ದರೆ ಕೇಳಿ ಅದರ ಮಗ್ಗುಲಲ್ಲಿ ಬರೆದಿಡಬೇಕು.

ಜಗಳೂರಿನ ಓದುಗರು ಇದರಲ್ಲಿ ತಮಗೇನೂ ಕೆಲಸವಿಲ್ಲವೆಂದು ಭಾವಿಸಬೇಕಾಗಿಲ್ಲ. ಮಾಳಿಗೆಯ ಮನೆಯ ಜೊತೆಯಲ್ಲಿಯೇ ಹಂಚಿನ ಸೂರಿನ ಅಂಗಡಿ, ಶಾಲೆ, ಪ್ರವಾಸಿ ಮಂದಿರಗಳು ಆ ಕಡೆಯ ಪೇಟೆಗಳಲ್ಲಿಯೂ ಉಂಟು. ಅಂತಹ ಒಣ ಸೀಮೆಗೆ ಅಷ್ಟು ದೂರದ ಹಂಚನ್ನು ಯಾರು, ಯಾವ ಕಾಲದಲ್ಲಿ ತರಿಸಿದರು ಎಂಬುದು ಮಳೆ ಸುರಿಯುವ ನ್ಯಾಮತಿಯ ಹಂಚಿಗಿಂತ ಕುತೂಹಲದ ಪ್ರಶ್ನೆ. ಬೇಸಿಗೆಯ ರಜೆಯಲ್ಲಿ ಮಕ್ಕಳಿಗೆ ಏಣಿ ಹತ್ತಲು ಬಿಡದೆ, ಕೆಳಗೆ ಒಟ್ಟಿರುವ ಹಂಚುಗಳಿಂದಲೇ ಈ ಕೆಲಸ ಆರಂಭಿಸಬಹುದು; ಒಟ್ಟಿದ ಹಂಚಿನ ಸಂದಿಯಲ್ಲಿ ಚೇಳು ಇರುತ್ತದೆ, ಕೋಲಿನಿಂದ ತಟ್ಟಿ ನೋಡಿ ಕೈಹಾಕಬೇಕು.